ಲೂಸಿ ಉಗುಳಿದ ಡಂಬಲ್

ಎಸೆದ ಮರದ ಡಂಬಲ್ಲನ್ನು ನಾಯಿ ಕಚ್ಚಿ ತಂದು ಯಜಮಾನನ ಮುಂದೆ ಕೂರಬೇಕು. ಶ್ವಾನ ಸ್ಪರ್ಧೆಯ ಆ ಸುತ್ತಿಗೆ ಎಂಟೇ ದಿನ ಉಳಿದಿತ್ತು. ಲೂಸಿ ಓಡಿ ಹೋಗಿ ಕಚ್ಚುತ್ತಿತ್ತು, ಮರುಕ್ಷಣವೇ ಕುಂಯ್ ಎಂದು ಉಗುಳಿಬಿಡುತ್ತಿತ್ತು. ಇವತ್ತು ಉಗುಳಿದ ಡಂಬಲ್ಲಿನ ಮೇಲೆ ರಕ್ತವಿತ್ತು.

ಅದನ್ನು ಕಂಡದ್ದೇ ಭೋಜರಾಜ ತರಬೇತುದಾರ ಮುತ್ತಣ್ಣನ ಕೊರಳಪಟ್ಟಿ ಹಿಡಿದ.

"ನನ್ನ ನಾಯಿಗೆ ಹೊಡೆದಿದ್ದೀಯ!"

"ಕೈ ಬಿಡಿ ಸಾರ್. ನಾನು ಬಂದು ಎರಡು ತಿಂಗಳಾಯ್ತು, ಒಂದೇಟೂ ಹಾಕಿಲ್ಲ. ಡಾಕ್ಟರ ಹತ್ರ ಹೋಗೋಣ ನಡೀರಿ, ನಾನೂ ಬರ್ತೀನಿ."

ದಾರಿಯುದ್ದಕ್ಕೂ ಭೋಜರಾಜ ಬೈಯುತ್ತಲೇ ಇದ್ದ. ಹಿಂದಿನ ಸೀಟಿನಲ್ಲಿ ಲೂಸಿಯನ್ನು ತಬ್ಬಿ ಕೂತಿದ್ದ ಅವನ ಹೆಂಡತಿ ವಸುಧಾ, "ಇಂಥವನನ್ನ ಸುಮ್ನೆ ಬಿಡಬೇಡಿ ರೀ" ಎಂದಳು.

ಪಶುವೈದ್ಯೆ ಲೂಸಿಯ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದರು.

"ದವಡೆ ಹಲ್ಲು ಮುರಿದು, ಬುಡದಲ್ಲಿ ಕೀವು ತುಂಬಿದೆ. ಯಾರೋ ಬಲವಾಗಿ ಹೊಡೆದಿದ್ದಾರೆ."

"ಕೇಳಿಸ್ತೇನೋ?" ಭೋಜರಾಜ ಮುತ್ತಣ್ಣನ ಮೇಲೆ ಏರಿಹೋದ. "ನಿನ್ನನ್ನ ಜೈಲಿಗೆ ಹಾಕಿಸ್ತೀನಿ!"

"ಇದು ಈಚೆಗೆ ಬಿದ್ದ ಏಟಲ್ಲ," ವೈದ್ಯೆ ಟಾರ್ಚ್ ಆರಿಸಿದರು. "ಐದಾರು ತಿಂಗಳಾದರೂ ಆಗಿದೆ. ದಸರಾ ಹೊತ್ತಿನದು ಇರಬೇಕು. ಆಗ ನಾಯಿ ಯಾರ ಹತ್ರ ಇತ್ತು?"

ವಸುಧಾ ಗಂಡನತ್ತ ತಿರುಗಿದಳು.

"ದಸರಾದಲ್ಲಿ ಅಮ್ಮನ ಆಪರೇಷನ್ ಅಂತ ನಾನು ಊರಿಗೆ ಹೋಗಿದ್ದೆ" ಎಂದಳು. "ಮನೇಲಿ ನೀವೊಬ್ಬರೇ ಇದ್ರಿ."