ಪುಸ್ತಕದ ಡಾಕ್ಟರು

ಮೂರನೆಯ ನೋಟಿಸಿಗೂ ಉತ್ತರ ಬಾರದಿದ್ದಾಗ ತಪಾಸಣಾಧಿಕಾರಿ ತಾನೇ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟಳು. ಮೇಲಿನವರ ಕಾಗದಕ್ಕೆ ಕಿಮ್ಮತ್ತು ಕೊಡದಷ್ಟು ಕೊಬ್ಬು ಒಂದು ಪುಟ್ಟ ಗ್ರಂಥಾಲಯದವನಿಗೆ ಎಲ್ಲಿಂದ ಬಂತು ಎಂದು ದಾರಿಯುದ್ದಕ್ಕೂ ಹಲ್ಲು ಕಡಿದಳು. ಆತನ ಮೇಲೆ ಒಂದು ಮೂಗರ್ಜಿಯೂ ಬಂದಿತ್ತು: ಪುಸ್ತಕದ ನೆಪದಲ್ಲಿ ಜನರ ಮನೆಯ ಗುಟ್ಟನ್ನೆಲ್ಲ ಕೆದಕುತ್ತಾನೆ. ನಿಜವೆಂದು ಕಂಡರೆ ಅವನನ್ನು ಕುರ್ಚಿಯಿಂದ ಎಬ್ಬಿಸುವ ಅಧಿಕಾರ ಆಕೆಗಿತ್ತು.

ಒಳಗೆ ಕಾಲಿಟ್ಟಾಗ ಕೆದಕುವ ಕೆಲಸ ಭರದಿಂದ ಸಾಗಿತ್ತು. ಮೇಜಿನ ಹಿಂದೆ ದಪ್ಪ ಕನ್ನಡಕದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಡಾಕ್ಟರು ಎನ್ನುತ್ತಿದ್ದರು. ಎದುರಿನ ಸ್ಟೂಲಿನ ಮೇಲೆ ತರಕಾರಿ ಮಾರುವ ಹೆಂಗಸು, ಅವಳ ಮಡಿಲಲ್ಲಿ ಒಂದು ಕಾದಂಬರಿ. ಹಿಂದೆ ಪುಸ್ತಕ ವಾಪಸು ಮಾಡಲು ಆರು ಜನ ನಿಂತಿದ್ದರು. ಇಲ್ಲಿಯ ಪದ್ಧತಿಯೇ ಹಾಗೆ. ಪುಸ್ತಕ ತಂದವರು ಮೊದಲು ಸ್ಟೂಲಿನ ಮೇಲೆ ಕೂತು ಅದರಲ್ಲಿ ಏನಾಯಿತು, ಓದುವಾಗ ತಮಗೇನಾಯಿತು ಎಂದು ಹೇಳಬೇಕು. ಆಮೇಲೆಯೇ ವಾಪಸಾತಿಯ ಮುದ್ರೆ. ತರಕಾರಿಯವಳಿಗೆ ಕಥೆಯ ಗಂಡನಿಂದ ಶುರುಮಾಡಿ ತನ್ನ ಗಂಡನಿಗೆ ಬಂದು ತಲುಪಲು ಎರಡು ನಿಮಿಷ ಸಾಕಾಯಿತು. ಡಾಕ್ಟರು ಕಣ್ಣು ಮುಚ್ಚಿ ಕೇಳಿದರು, ಒಂದೆರಡು ಪ್ರಶ್ನೆ ಹಾಕಿದರು, ಕೊನೆಗೆ ಪುಸ್ತಕದ ಬೆನ್ನಿಗೆ ಒಂದು ಕೆಂಪು ದಾರ ಕಟ್ಟಿದರು.

ಕಪಾಟುಗಳನ್ನು ನೋಡಿ ಅಧಿಕಾರಿಗೆ ತಲೆ ತಿರುಗಿತು. ಅಕಾರಾದಿ ಇಲ್ಲ, ಲೇಖಕರ ಕ್ರಮ ಇಲ್ಲ, ಬರೀ ದಾರ. ಸಾಲಿನಲ್ಲಿದ್ದ ದರ್ಜಿ ಉತ್ಸಾಹದಿಂದ ವಿವರಿಸಿದ. ಕೆಂಪು ದಾರ ಗಂಡ ಹೆಂಡಿರ ಜಗಳಕ್ಕೆ, ಕಪ್ಪು ಸಾವು ಕಂಡ ಮನೆಗೆ, ಹಳದಿ ನಿದ್ದೆ ಬಾರದವರಿಗೆ, ನೀಲಿ ಮಾತು ಬಿಟ್ಟವರಿಗೆ. ಹಸಿರು, ಬಂದ ನೆಂಟರು ಹೊರಡದೆ ಕೂತಿರುವ ಮನೆಯವರಿಗೆ. ಆ ಕಪಾಟಿನಲ್ಲಿ ಎಂಟುನೂರು ಪುಟಕ್ಕಿಂತ ತೆಳ್ಳಗಿನ ಪುಸ್ತಕವೇ ಇರಲಿಲ್ಲ. ಮೇಜಿನ ಮೇಲಿನ ದಾಖಲೆ ಪುಸ್ತಕದಲ್ಲಿ ಒಂದೊಂದು ಸಾಲಿಗೂ ಒಂದೊಂದು ಕೈಬರಹ. ಪುಸ್ತಕ ಒಯ್ಯುವವರೇ ಬರೆದು ಹೋಗುತ್ತಿದ್ದರು. ಸೋಮಾರಿತನ ಎಂದು ಆಕೆ ತನ್ನ ಡೈರಿಯಲ್ಲಿ ಗುರುತು ಹಾಕಿಕೊಂಡಳು.

ಸರದಿ ಬಂದಾಗ ತಾನು ಯಾರೆಂದು ಹೇಳದೆ ಬಲೆ ಬೀಸಿದಳು.

"ನನ್ನ ಗೆಳತಿಯೊಬ್ಬಳಿದಾಳೆ. ಅಕ್ಕನ ಜೊತೆ ನಾಲ್ಕು ವರ್ಷದಿಂದ ಮಾತಿಲ್ಲ. ಅವಳಿಗೇನು ಕೊಡ್ತೀರಿ?"

"ಗೆಳತಿಗೆ," ಎಂದು ಡಾಕ್ಟರು ಗಂಭೀರವಾಗಿ ತಲೆಯಾಡಿಸಿ, ನೀಲಿ ದಾರದ ಒಂದು ಪುಸ್ತಕ ತಂದಿಟ್ಟರು. "ಇದನ್ನ ಐದು ಜನ ಓದಿದಾರಮ್ಮ. ನಾಲ್ಕು ಜನ ಹೋಗಿ ಮಾತಾಡಿಸಿದ್ರು. ಐದನೆಯವರು ವಕೀಲರು."

"ನಿಮಗೆ ಹೇಗನ್ನಿಸ್ತು?"

"ನನ್ನ ಮಾತು ಬಿಡಿ. ನಾನು ಬಾಯಿ ಬಿಟ್ರೆ ಓದೋರ ರುಚಿ ಕೆಡುತ್ತೆ."

ಎರಡು ಮಧ್ಯಾಹ್ನ ಕಚೇರಿಯ ಕಡತದ ಮರೆಯಲ್ಲಿಟ್ಟುಕೊಂಡು ಆಕೆ ಅದನ್ನು ಓದಿದಳು. ಒಂದೇ ದೋಣಿಯಲ್ಲಿ ಮೀನು ಹಿಡಿಯುತ್ತ ಮೂವತ್ತು ವರ್ಷ ಪರಸ್ಪರ ಮಾತಾಡದ ಅಣ್ಣತಮ್ಮಂದಿರ ಕಥೆ. ಹೇಳಬೇಕಾದದ್ದನ್ನೆಲ್ಲ ಅವರು ನಾಯಿಗೆ ಹೇಳುತ್ತಾರೆ. ಗಾಳಿ ಜೋರಾಗುತ್ತಿದೆ ಎಂದು ಅವನಿಗೆ ಹೇಳು, ಎನ್ನುತ್ತಾನೆ ಅಣ್ಣ, ನಾಯಿಯ ಕಿವಿಯಲ್ಲಿ. ಆಕೆ ಬಿದ್ದು ಬಿದ್ದು ನಕ್ಕಳು. ನಾಯಿ ಸತ್ತ ಅಧ್ಯಾಯ ಬಂದಾಗ ಎದ್ದು ಹೋಗಿ ಮುಖ ತೊಳೆದು ಬಂದಳು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಯಾರು ಹೆಚ್ಚು ನಿದ್ದೆಗೆಟ್ಟರು ಎಂಬ ಜಗಳದಲ್ಲಿ ಆಕೆಯೂ ಅಕ್ಕನೂ ದೂರವಾಗಿದ್ದರು. ಅಂದಿನಿಂದ ಇಬ್ಬರ ಸುದ್ದಿಯೂ ಭಾವನ ಮೂಲಕವೇ ಓಡಾಡುತ್ತಿತ್ತು. ಪಾಪದ ಭಾವನನ್ನು ನಾಯಿಯ ಜಾಗದಲ್ಲಿ ಕೂರಿಸಿಬಿಟ್ಟೆವಲ್ಲ ಎಂದು ಆಕೆಗೆ ನಿಜಕ್ಕೂ ನಾಚಿಕೆಯಾಯಿತು. ಸಂಜೆ ಅಕ್ಕನಿಗೆ ಫೋನು ಮಾಡಿದಳು.

ಮರುದಿನ ಸ್ಟೂಲಿನ ಮೇಲೆ ಕೂತು ನಾಯಿಯ ಕಥೆಯನ್ನೂ ಭಾವನ ಕಥೆಯನ್ನೂ ಒಪ್ಪಿಸಿದಳು. ಗೆಳತಿ ಎಲ್ಲೋ ನಡುವೆ ಕಳೆದುಹೋದಳು, ಡಾಕ್ಟರೂ ಹುಡುಕಲಿಲ್ಲ. ಮುದ್ರೆ ಬಿದ್ದ ಮೇಲೆ ಆಕೆಗೆ ಕರ್ತವ್ಯ ನೆನಪಾಯಿತು. ತಾನು ಯಾರೆಂದು ತಿಳಿಸಿ, ಅಲ್ಲಿಯವರೆಗೆ ತೆರೆದೇ ಇರದ ಸಿಬ್ಬಂದಿ ಕಡತ ಬಿಚ್ಚಿದಳು. ಅದರ ಪ್ರಕಾರ ಇಲ್ಲಿಯ ಗ್ರಂಥಪಾಲಕರು ಹನ್ನೊಂದು ವರ್ಷದ ಹಿಂದೆಯೇ ನಿವೃತ್ತರಾಗಿದ್ದರು. ಹುದ್ದೆ ಖಾಲಿ.

"ಹಾಗಾದ್ರೆ ನೀವು ಯಾರು?"

ಡಾಕ್ಟರ ಮುಖ ಬಿಳಿಚಿಕೊಂಡಿತು. "ಕಾವಲುಗಾರ, ಮೇಡಂ. ಹೊಸಬರು ಬರೋ ತನಕ ಸ್ವಲ್ಪ ನೋಡ್ಕೋ ಅಂತ ಹೇಳಿ ಸಾಹೇಬರು ಹೋದ್ರು. ನೋಡ್ಕೋತಾ ಇದೀನಿ."

ಬೇರೆ ಏನು ಶಿಕ್ಷೆ ಬೇಕಾದರೂ ಕೊಡಿ, ಈ ಮೇಜಿನಿಂದ ಮಾತ್ರ ಎಬ್ಬಿಸಬೇಡಿ, ಇಲ್ಲಿ ಕೂತ ಮೇಲೆಯೇ ತಾನೊಬ್ಬ ಮನುಷ್ಯನಾದದ್ದು ಎಂದರು.

ಗುಟ್ಟು ಬಯಲಾಗಿತ್ತು. ಪ್ರಮಾಣಪತ್ರವಿಲ್ಲದ ಕಾವಲುಗಾರ! ನಿಯಮದ ಪ್ರಕಾರ ಇದು ವಂಚನೆ. ಆದರೆ ಎರಡೆರಡು ಪದವಿ ಪಡೆದು ಪುಸ್ತಕದ ಧೂಳನ್ನಷ್ಟೇ ಬಲ್ಲ ಗ್ರಂಥಪಾಲಕರನ್ನು ಆಕೆ ಬೇಕಾದಷ್ಟು ಕಂಡಿದ್ದಳು. ಮೇಲಾಗಿ ಅಕ್ಕ ಭಾನುವಾರ ಊಟಕ್ಕೆ ಕರೆದಿದ್ದಳು. ಅಧಿಕಾರಿ ಪೆನ್ನು ತೆಗೆದಳು.

ಅರ್ಧ ಗಂಟೆಯಲ್ಲಿ ವರದಿ ಸಿದ್ಧವಾಯಿತು. ಅದರಲ್ಲಿ ಏನಿದೆ ಎಂದು ಡಾಕ್ಟರು ಪದ್ಧತಿಯಂತೆ ಕೇಳಿದರು. ಆಕೆ ಹೆಮ್ಮೆಯಿಂದ ಓದಿದಳು. ಸದರಿಯವರು ಇಲ್ಲಿಯ ನಾಲ್ಕು ಸಾವಿರ ಪುಸ್ತಕಗಳನ್ನೂ ಓದಿ ಅರಗಿಸಿಕೊಂಡಿದ್ದಾರೆ, ಇಷ್ಟು ದೊಡ್ಡ ಓದುಗರನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ, ಇವರನ್ನೇ ಗ್ರಂಥಪಾಲಕರೆಂದು ಕಾಯಂ ಮಾಡತಕ್ಕದ್ದು. ಕೆಳಗೆ ತನ್ನ ಸಹಿ ಹಾಕಿ, ಮೊಹರು ಒತ್ತಿ, ಇನ್ನು ಇದನ್ನು ತಿದ್ದಲು ತನ್ನಿಂದಲೂ ಆಗದು ಎಂದಳು. ಪಕ್ಕದ ಖಾಲಿ ಜಾಗದ ಮೇಲೆ ಬೆರಳಿಟ್ಟು ಪೆನ್ನು ಮುಂದೆ ಮಾಡಿದಳು.

ಡಾಕ್ಟರು ಕಣ್ಣೊರೆಸಿಕೊಂಡು, ಪೆನ್ನನ್ನು ವಿನಯದಿಂದ ಪಕ್ಕಕ್ಕಿಟ್ಟು, ಮಸಿಯ ಪ್ಯಾಡನ್ನು ಹತ್ತಿರಕ್ಕೆಳೆದುಕೊಂಡು, ಆಕೆ ತೋರಿಸಿದ ಜಾಗದಲ್ಲಿ ಎಡಗೈ ಹೆಬ್ಬೆಟ್ಟು ಒತ್ತಿದರು.