ದಮ್ಮಡಿ ಏಟಿಗೆ ಮಂಕಾಗುವ ದೀಪ

ಎರಡು ನಿಮಿಷ ಬಿಡುವಿದ್ದರೆ ಓದಿ... ಇಲ್ಲದಿದ್ದರೆ ಬಿಡುವು ಮಾಡಿಕೊಂಡು ಓದಿ.

ಮಂಡ್ಯದ ಚಲುವರಾಜುವಿಗೆ ಹಳೇ ರೇಡಿಯೋ, ಟೇಪ್ ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡುವುದೇ ಕಸುಬು. ಕೈ ಬಲು ಚುರುಕು... ಬಾಯಿ ಅದಕ್ಕಿಂತ ಚುರುಕು!

ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಅವನು ಮೊದಲು ಹಾಕುತ್ತಿದ್ದದ್ದು ತೀರಿಹೋದ ಅಪ್ಪನ ರೇಡಿಯೋ. ಅದರೊಳಗಿನ ಪುಟ್ಟ ಬಲ್ಬು ಹೊತ್ತಿಕೊಂಡ ಮೇಲೆಯೇ ದೇವರಿಗೆ ಊದುಬತ್ತಿ. ಆ ಬಲ್ಬು ಅಪ್ಪ ಕೈಯಾರೆ ಹಾಕಿದ್ದು.

ಒಂದು ದಿನ ಸಣ್ಣತಾಯಮ್ಮ ಎಂಬ ಅಜ್ಜಿ ಆಟೋದಲ್ಲಿ ಹಳೇ ಆಂಪ್ಲಿಫೈಯರ್ ಒಂದನ್ನು ತಂದರು.

"ಇದ್ರ ಲೈಟ್ ಸುಟ್ಟೋಯ್ತು ಕನಪ್ಪ. ಬೇರೆ ಹಾಕ್ಕೊಡು."

ಚಲುವರಾಜು ಆನ್ ಮಾಡಿ ನೋಡಿದ. ಸೌಂಡ್ ಗಂಟೆ ಹೊಡೆದ ಹಾಗಿತ್ತು.

"ಸೌಂಡ್ ಚೆಂದಾಗೇ ಬರ್ತಾ ಅದಲ್ಲವ್ವ! ಲೈಟ್ ಯಾಕೆ? ಹಾಡೇನು ಕತ್ಲಲ್ಲಿ ಎಡವಿ ಬೀಳ್ತದಾ?"

ಅಜ್ಜಿ ನಗಲಿಲ್ಲ.

"ಲೈಟ್ ಹೋದಾಗ್ನಿಂದ ನಮ್ ಯಜಮಾನ್ರು ಸರ್ಯಾಗಿ ಉಣ್ತಿಲ್ಲ ಮಗ. ಗ್ವಾಡೆ ಕಡೆ ಮಕ ಮಾಡ್ಕಂಡು ಮನಿಕತಾರೆ. ಹೆಂಗಾದ್ರೂ ಮಾಡಿ ಇದು ಉರಿಯಂಗೆ ಮಾಡು."

ವಯಸ್ಸಾದವರ ಹಟ ಎಂದುಕೊಂಡ ಚಲುವರಾಜು. ಸುಟ್ಟ ಬಲ್ಬು ಕಿತ್ತು, ಥಳಥಳ ಹೊಳೆಯುವ ಎಲ್‌ಇಡಿ ಹಾಕಿದ.

"ತಕ್ಕಳಿ. ನಿಮ್ ಮೊಮ್ಮಕ್ಕಳ ಕಾಲಕ್ಕೂ ಇದು ಸುಡಕಿಲ್ಲ!"

ಎರಡೇ ದಿನ... ಅಜ್ಜಿ ಮತ್ತೆ ಬಂದರು.

"ಲೈಟೇನೋ ಉರೀತದೆ ಕನಪ್ಪ. ಆದ್ರೆ ಹಾಡು ಬರ್ತಿಲ್ಲ ಅಂತವ್ರೆ ಅವ್ರು."

ತನ್ನ ಕೆಲಸದಲ್ಲಿ ಯಾರಾದರೂ ಹುಳುಕು ತೆಗೆದರೆ ಚಲುವರಾಜುವಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ನಡೀರಿ, ಮನೇಲೇ ಹಾಕಿ ತೋರುಸ್ತೀನಿ" ಎಂದು ಟೂಲ್ಸ್ ಚೀಲ ಹೆಗಲಿಗೇರಿಸಿಕೊಂಡು ಹೊರಟ.

ಮನೆಯಲ್ಲಿ ಅಜ್ಜಿಯ ಗಂಡ ಬೋರಲಿಂಗಯ್ಯನವರು ಆಂಪ್ಲಿಫೈಯರ್ ಮುಂದೆಯೇ ಕುಳಿತಿದ್ದರು. ಅಜ್ಜಿ ಪಕ್ಕದ ಟೇಪ್ ರೆಕಾರ್ಡರ್‌ಗೆ ಕ್ಯಾಸೆಟ್ ಹಾಕಿದರು. ಎಳೆಯ ಹೆಣ್ಣುದನಿಯ ಸೋಬಾನೆ ಹಾಡು, ಜೊತೆಗೆ ದಮ್ಮಡಿಯ ಚರ್ಮ ಬಡಿಯುವ ಸದ್ದು... ಮನೆಯೆಲ್ಲಾ ತುಂಬಿಹೋಯಿತು.

"ಹಾಡು ಬರ್ತಿಲ್ವಾ ತಾತ? ಇದೇನಿದು ಮತ್ತೆ?" ಚಲುವರಾಜು ಜೋರಾಗಿಯೇ ಕೇಳಿದ.

ತಾತ ತಿರುಗಿಯೂ ನೋಡಲಿಲ್ಲ. ದೀಪವನ್ನೇ ದಿಟ್ಟಿಸುತ್ತಾ ಹೇಳಿದರು... "ಈ ಲೈಟು ಸತ್ತೋಯ್ತು. ಒಂಚೂರೂ ಅಲ್ಲಾಡಕಿಲ್ಲ."

"ಅವ್ರಿಗೆ ಕಿವಿ ಕೇಳಕಿಲ್ಲ ಕನಪ್ಪ" ಎಂದರು ಅಜ್ಜಿ.

"ನಲವತ್ತು ವರ್ಸ ಮದ್ವೆ ಮನೆಗೊಳ್ಗೆ ಮೈಕ್ ಸೆಟ್ ಹಾಕುದ್ರು. ಹಾರನ್ ಪಕ್ಕ ಕೂತು ಕೂತು ಕಿವಿನೇ ಹೋಯ್ತು. ಈ ಹಾಡು ನಂದೇಯ... ನಮ್ ಮದ್ವೆಗೂ ಮುಂಚೆ, ಯಾರ್ದೋ ಮದ್ವೇಲಿ ನಾನು ದಮ್ಮಡಿ ಬಡ್ಕಂಡು ಹಾಡ್ತಿದ್ದೆ. ಅವ್ರು ರೆಕಾರ್ಡ್ ಮಾಡ್ಕಂಡಿದ್ರು. ಹಳೇ ಲೈಟು ದಮ್ಮಡಿ ಏಟು ಬಿದ್ದಾಗೆಲ್ಲ ಒಸಿ ಮಂಕಾಯ್ತಿತ್ತು. ಅದ್ನ ನೋಡ್ಕಂಡೇ ದಿನಾ ಹಾಡು ಕೇಳೋರು."

ಚಲುವರಾಜು ಟೂಲ್ಸ್ ಚೀಲ ಕೆಳಗಿಟ್ಟ.

"ಅವತ್ತೇ ಯಾಕವ್ವ ಹೇಳ್ಲಿಲ್ಲ?"

"ನೀನು ನಗಾಡ್ದೆ... ಕೇಳ್ಲಿಲ್ವಲ್ಲ ಮಗ..."

ಜೋರು ಏಟು ಬಿದ್ದಾಗ ಸೆಟ್ ಹೆಚ್ಚು ಕರೆಂಟ್ ಎಳೆದು ಹಳೇ ಬಲ್ಬು ಮಂಕಾಗುವುದನ್ನು ಅವನು ಇಷ್ಟು ವರ್ಷ 'ಫಾಲ್ಟ್' ಎಂದೇ ಕರೆದಿದ್ದ. ಎಲ್‌ಇಡಿ ಹಾಕಿ ಎಷ್ಟೋ ಸೆಟ್‌ಗಳಲ್ಲಿ ಅದನ್ನು ಸರಿ ಮಾಡಿ ಬೀಗಿದ್ದ. ಆ ಫಾಲ್ಟೇ ಇಲ್ಲಿ ಒಬ್ಬ ಮನುಷ್ಯನಿಗೆ ಕಿವಿಯಾಗಿತ್ತು.

ಅಂಥದ್ದೇ ಹಳೇ ಬಲ್ಬಿಗಾಗಿ ಮಂಡ್ಯದಲ್ಲಿ ಗೊತ್ತಿದ್ದ ಅಂಗಡಿಗಳನ್ನೆಲ್ಲ ಸುತ್ತಿದ. ಮೈಸೂರಿನ ಗೆಳೆಯರಿಗೆ ಫೋನ್ ಮಾಡಿದ. "ಯಾವ ಕಾಲದಲ್ಲಿದ್ದೀಯ ಗುರು? ಈಗ ಎಲ್ಲಾ ಎಲ್‌ಇಡಿ" ಎಂದು ನಕ್ಕರು.

ಸೋತು ಅಂಗಡಿಗೆ ಬಂದು ಕುಳಿತ. ಎದುರಿಗೇ ಅಪ್ಪನ ರೇಡಿಯೋ... ಅದರೊಳಗೆ ಅದೇ ಅಳತೆಯ ಬಲ್ಬು.

ಕೈ ಮುಂದೆ ಹೋಗಲಿಲ್ಲ. ಅಪ್ಪ ಹೋಗಿ ಹನ್ನೊಂದು ವರ್ಷ. ಆ ಬೆಳಕನ್ನು ನೋಡದೆ ಅವನು ಒಂದು ದಿನವೂ ಕೆಲಸಕ್ಕೆ ಕುಳಿತವನಲ್ಲ.

"ಅಪ್ಪಾ... ಇನ್ನೊಂದ್ ಮನೇಲಿ ಉರೀಲಿ ಬುಡು" ಎಂದು ಕಣ್ಣೊರೆಸಿಕೊಂಡು ಬಲ್ಬು ಬಿಚ್ಚಿದ.

ಅಂದು ಸಂಜೆ ತಾತನ ಮುಂದೆ ಮತ್ತೆ ಅದೇ ಕ್ಯಾಸೆಟ್. ಏಟು ಬಿತ್ತು... ದೀಪ ಮಂಕಾಯಿತು. ಮತ್ತೆ ಬೆಳಗಿತು. ಮತ್ತೆ ಮಂಕಾಯಿತು.

ತಾತನ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು.

ಹಾಡಿನ ನಡುವೆ ಒಂದೇ ಒಂದು ಕಡೆ ದೀಪ ಮಂಕಾಗದೆ ಹಾಗೇ ಉಳಿಯಿತು. ತಾತ ತಟ್ಟನೆ ಬೆರಳೆತ್ತಿ ತೋರಿಸಿದರು.

"ನೋಡಪ್ಪ... ಇಲ್ಲಿ ಒಂದ್ ಏಟು ಬಿಟ್ಬುಟ್ಲು! ಅವತ್ತು ಹಾಡ್ತಾ ಹಾಡ್ತಾ ತಲೆ ಎತ್ತಿ ನನ್ನ ನೋಡುದ್ಲು... ಕೈ ನಿಂತೋಯ್ತು ಅವಳ್ದು!"

ಸಣ್ಣತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದರು.

"ಅದು ಅವ್ರಿಗೆ ಗೊತ್ತಿತ್ತು ಅಂತ... ನಂಗೆ ಇವತ್ತೇ ಕನಪ್ಪ ಗೊತ್ತಾಗಿದ್ದು."

ಆ ರಾತ್ರಿ ತಾತ ಎರಡು ಮುದ್ದೆ ಉಂಡರಂತೆ.

ಮೊನ್ನೆ ನಾನು ಚಲುವರಾಜುವಿನ ಅಂಗಡಿಗೆ ಹೋಗಿದ್ದೆ. ಅಪ್ಪನ ರೇಡಿಯೋ ಹಾಡುತ್ತಿತ್ತು, ಬೆಳಕಿರಲಿಲ್ಲ. "ಒಂದು ಎಲ್‌ಇಡಿ ಹಾಕಬಾರದಾ?" ಎಂದೆ.

"ಬ್ಯಾಡ ಬುಡಿ ಸಾರ್... ಈ ಕತ್ಲೆ ನೋಡ್ದಾಗೆಲ್ಲ, ಬಂದವ್ರನ್ನ 'ಯಾಕ್ ಬೇಕು' ಅಂತ ಒಂದ್ ಮಾತು ಕೇಳಣ ಅನ್ನುಸ್ತದೆ" ಎಂದ.

*ರಿಪೇರಿಗೆ ಕೈ ಹಾಕುವ ಮೊದಲು, ಎದುರಿನವರ ಮಾತಿಗೆ ಕಿವಿ ಕೊಡಿ.*

ನಿಮ್ಮ ಮನೆಯವರು ಕೇಳಿದ ಯಾವ ಸಣ್ಣ ವಿಷಯಕ್ಕೆ ನೀವು "ಅದೇನು ಮಹಾ" ಎಂದು ನಕ್ಕಿದ್ದಿರಿ?... ಅದು ಅವರಿಗೆ ಯಾಕೆ ಬೇಕಿತ್ತು ಎಂದು ಇವತ್ತಾದರೂ ಕೇಳುತ್ತೀರಾ?