ನೂರ ಇಪ್ಪತ್ತರ ಗೆರೆ

ಒಂಬತ್ತಕ್ಕೆ ಉದ್ಯಾನದ ಬಾಗಿಲು, ಹತ್ತಕ್ಕೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಐಸ್ ಬಂಡಿ, ಹನ್ನೆರಡಕ್ಕೆ ಸುಟ್ಟ ಗೆಣಸು, ಮೂರಕ್ಕೆ ಹಿಮದ ಜಾರುಗುಡ್ಡ. ಈ ಕ್ರಮವನ್ನು ಸುಯಿಸುಯಿ ಹಿಂದಿನ ದಿನವೇ ನೋಟ್‌ಬುಕ್ಕಿನಲ್ಲಿ ಬರೆದು ಅಜ್ಜಿಗೆ ಓದಿ ಹೇಳಿದ್ದಳು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು. ಕಳೆದ ಚಳಿಗಾಲ ಜಾರುಗುಡ್ಡದವರು ಅವಳನ್ನು ನಾಲ್ಕು ಸೆಂಟಿಮೀಟರಿನ ಕೊರತೆಗಾಗಿ ಹಿಂದಕ್ಕೆ ಕಳುಹಿಸಿದ್ದರು. ನೂರ ಇಪ್ಪತ್ತು ಇಲ್ಲದ ಮಕ್ಕಳು ಅಲ್ಲಿ ಹತ್ತುವಂತಿರಲಿಲ್ಲ. ಈಗ ಮನೆಯ ಬಾಗಿಲ ಚೌಕಟ್ಟಿನಲ್ಲಿ ಅಪ್ಪ ಎಳೆದ ಹೊಸ ಪೆನ್ಸಿಲ್ ಗೆರೆ ನೂರ ಇಪ್ಪತ್ತೊಂದನ್ನು ತೋರಿಸುತ್ತಿತ್ತು. ನಾಳೆಯಿಂದ ಈ ಚಳಿಗಾಲಕ್ಕೆ ಗುಡ್ಡ ಮುಚ್ಚುತ್ತದೆ. ಬೀಜಿಂಗಿನ ಶಾಲೆಗಳು ತೆರೆಯುತ್ತವೆ.

ಅಜ್ಜಿ ಗುವೋ ಫಂಗ್‌ಶಿಯಾಳ ಲೆಕ್ಕ ಬೇರೆಯಿತ್ತು. ಉದ್ಯಾನದ ಬಾಗಿಲಿನಲ್ಲಿಯೂ ಗೆರೆ ಇರುವುದು ನೂರ ಇಪ್ಪತ್ತಕ್ಕೇ. ಅದಕ್ಕಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೇಟು ಬೇಡ. ಆದ್ದರಿಂದಲೇ ಮೊಮ್ಮಗಳಿಗೆ ತೆಳುವಾದ ಅಡಿಯ ಬಟ್ಟೆ ಬೂಟು ತೊಡಿಸಿದ್ದಳು. ಅಳತೆಗೋಲಿನ ಮುಂದೆ ಬಂದೊಡನೆ ಅವಳ ಹೆಗಲ ಮೇಲೆ ಕೈ ಇಟ್ಟಳು. ಮಾತು ಬೇಕಿರಲಿಲ್ಲ. ಬಸ್ಸು, ಈಜುಕೊಳ, ಪ್ರಾಣಿಸಂಗ್ರಹಾಲಯ, ಹೀಗೆ ಗೆರೆಯ ಎತ್ತರ ಒಂದೊಂದು ಕಡೆ ಒಂದೊಂದು. ಸನ್ನೆ ಮಾತ್ರ ಎಲ್ಲ ಕಡೆಯೂ ಅದೇ. ದಪ್ಪ ಹತ್ತಿಯ ಪ್ಯಾಂಟಿನೊಳಗೆ ಮೊಣಕಾಲು ಬಾಗಿದ್ದು ಯಾರಿಗೂ ಕಾಣಲಿಲ್ಲ. ಬಾಗಿಲಿನವಳು ಸುಯಿಸುಯಿಯ ಕೈಗೆ ಚಿಕ್ಕ ಮಕ್ಕಳ ಗುಲಾಬಿ ಪಟ್ಟಿ ಕಟ್ಟಿದಳು.

"ಅಜ್ಜಿ, ನನ್ ಹತ್ರ ಹೊಸವರ್ಷಕ್ಕೆ ಕೆಂಪು ಲಕೋಟೇಲಿ ಕೊಟ್ಟ ದುಡ್ಡಿತ್ತು. ಟಿಕೇಟು ತಗೋಬಹುದಿತ್ತು."

"ಇಟ್ಕೋ ಇಟ್ಕೋ. ಬಿಟ್ಟಿ ಸಿಗೋದಕ್ಕೆ ದುಡ್ಡು ಕೊಡೋರನ್ನ ಊರು ನೋಡಿ ನಗುತ್ತೆ. ನಿಮ್ಮಮ್ಮನ್ನೂ ಹೀಗೇ ಬಗ್ಗಿಸಿ ಊರೆಲ್ಲಾ ಸುತ್ತಿಸಿದ್ದೀನಿ."

"ಅದಕ್ಕೇನಾ ಅಮ್ಮ ಕುಳ್ಳಗಿರೋದು?"

"ಬಾಯಿ ನೋಡು ಇದರದ್ದು!" ಎಂದು ಅಜ್ಜಿ ನಕ್ಕು, ಅವಳ ಮಫ್ಲರನ್ನು ಮೂಗಿನವರೆಗೆ ಎಳೆದಳು.

ಐಸ್ ಬಂಡಿ ಆಯಿತು, ಗೆಣಸೂ ಆಯಿತು. ಜಾರುಗುಡ್ಡದ ಸಾಲಿನಲ್ಲಿ ಅರ್ಧ ಗಂಟೆ ನಿಂತು ಮುಂದೆ ಬಂದಾಗ ಮೂರೂ ನಲವತ್ತು. ಗುಡ್ಡ ಮುಚ್ಚುವುದು ನಾಲ್ಕಕ್ಕೆ. ಕಿವಿ ಮುಚ್ಚುವ ಟೋಪಿ ಹಾಕಿದ್ದ ಮುದಿ ಕಾವಲುಗಾರ ಸುಯಿಸುಯಿಯ ಮುಖವನ್ನು ನೋಡಲಿಲ್ಲ. ಕೈಯನ್ನು ನೋಡಿದ.

"ಗುಲಾಬಿ ಪಟ್ಟಿ. ಆಗಲ್ಲ ಪುಟ್ಟೀ, ಮುಂದಿನ ವರ್ಷ ಬಾ."

"ನಾನು ನೂರ ಇಪ್ಪತ್ತೊಂದು ಇದ್ದೀನಿ, ತಾತ!"

"ಬಾಗಿಲಲ್ಲಿ ಅಳೆದೇ ಕಟ್ಟಿರೋದು. ಗೆಣಸು ತಿಂದು ಉದ್ದ ಆದ್ಯಾ?"

ಸಾಲಿನಲ್ಲಿದ್ದವರು ನಕ್ಕರು. ಸುಯಿಸುಯಿ ನಗಲಿಲ್ಲ, ಅಳಲೂ ಇಲ್ಲ. ತಲೆಯೆತ್ತಿ ಅಜ್ಜಿಯನ್ನು ನೋಡಿದಳು. ಅವಳಿಗೆ ನಿಜ ಗೊತ್ತಿತ್ತು. ಅದನ್ನು ಹೇಳಿ ಅಜ್ಜಿಯ ಮಾನ ತೆಗೆಯಬಾರದೆಂಬುದೂ ಗೊತ್ತಿತ್ತು. ಆ ನೋಟವನ್ನು ಗುವೋ ಫಂಗ್‌ಶಿಯಾ ಎರಡು ಉಸಿರಿನಷ್ಟು ಹೊತ್ತು ತಾಳಿಕೊಂಡಳು.

"ಯಜಮಾನ್ರೇ," ಎಂದಳು. ಧ್ವನಿ ತಗ್ಗಿಸಲು ಹೋಗಿ ಏರಿಬಿಟ್ಟಿತು. "ಬೆಳಿಗ್ಗೆ ಬಾಗಿಲಲ್ಲಿ ನಾನೇ ಅವಳನ್ನ ಬಗ್ಗಿಸಿದ್ದು. ಮಗೂದೇನೂ ತಪ್ಪಿಲ್ಲ. ನೀವೇ ಅಳೆದು ನೋಡಿ. ಟಿಕೇಟು ಈಗ ಓಡಿ ಹೋಗಿ ತರ್ತೀನಿ."

ಅರವತ್ತಾರು ವರ್ಷಗಳಲ್ಲಿ ಅವಳು ಹತ್ತು ಜನರ ಎದುರು ಇಂಥ ಮಾತು ಆಡಿದ್ದು ಇದೇ ಮೊದಲು. ಚಳಿಯಲ್ಲಿಯೂ ಕಿವಿ ಬಿಸಿಯಾಗಿತ್ತು.

"ಸರಿ ಅಕ್ಕ, ಮೊದಲು ಅಳತೆ ಬರಲಿ, ಆಮೇಲೆ ಓಡಿ," ಎಂದ ಕಾವಲುಗಾರ. "ಟೋಪಿ ತೆಗಿ ಪುಟ್ಟೀ. ಕೋಲಿಗೆ ಬೆನ್ನು ಕೊಟ್ಟು ನಿಲ್ಲು."

ಸುಯಿಸುಯಿ ನಿಂತಳು. "ನೆಟ್ಟಗೆ ನಿಲ್ಲು ಬಂಗಾರ, ಹೆದರಬೇಡ," ಎಂದು ಅಜ್ಜಿ ಪಕ್ಕಕ್ಕೆ ಬಂದಳು. ಕಾವಲುಗಾರ ಅಡ್ಡಪಟ್ಟಿಯನ್ನು ತಲೆಗೆ ತಾಗಿಸಿ, ಕಣ್ಣು ಕಿರಿದು ಮಾಡಿ ಓದಿದ.

"ನೂರ ಹದಿನೆಂಟು."

"ಸಾಧ್ಯವೇ ಇಲ್ಲ!"

"ಕೋಲು ಸುಳ್ಳು ಹೇಳುತ್ತಾ ಅಕ್ಕ? ಮಗು ಬೆಳೀತಾ ಇದೆಯೋ ಕುಗ್ತಾ ಇದೆಯೋ ನೀವೇ ಹೇಳಿ."

"ನಾನು ನೆಟ್ಟಗೇ ನಿಂತಿದ್ದೀನಿ ತಾತ," ಎಂದಳು ಸುಯಿಸುಯಿ. ಈಗ ಅವಳ ಕಣ್ಣು ತುಂಬಿತ್ತು. "ನಿಜವಾಗ್ಲೂ ನೆಟ್ಟಗೇ ನಿಂತಿದ್ದೀನಿ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಗುವೋ ಫಂಗ್‌ಶಿಯಾ ಮೊಮ್ಮಗಳ ಮೊಣಕಾಲನ್ನು ನೋಡಿದಳು. ದಪ್ಪ ಪ್ಯಾಂಟಿನ ಮಡಿಕೆ ಮುಂದಕ್ಕೆ ಉಬ್ಬಿಕೊಂಡಿತ್ತು. ಅಲ್ಲಿಂದ ಅವಳ ಕಣ್ಣು ಮೇಲಕ್ಕೆ ಬಂತು, ಮಗುವಿನ ಎಡ ಹೆಗಲಿನವರೆಗೆ. ಅಲ್ಲಿ ಅವಳದೇ ಕೈ ಇತ್ತು. ಧೈರ್ಯ ಹೇಳಲೆಂದು ಅದನ್ನು ಅಲ್ಲಿ ಯಾವಾಗ ಇಟ್ಟಳೆಂಬುದು ಅವಳಿಗೇ ತಿಳಿದಿರಲಿಲ್ಲ.

ಕೈ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡಳು. ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದಳು.

"ಇನ್ನೊಂದು ಸಲ ನೋಡಿ, ಯಜಮಾನ್ರೇ."

ಅದೇ ಕೋಲು, ಅದೇ ಮಗು; ಎರಡು ಅಳತೆಗಳ ನಡುವೆ ಒಂದು ನಿಮಿಷವೂ ಇಲ್ಲ. ಅಜ್ಜಿಯ ಕೈ ಹೆಗಲ ಮೇಲಿದ್ದಾಗ ನೂರ ಹದಿನೆಂಟು. ಇಲ್ಲದಾಗ ನೂರ ಇಪ್ಪತ್ತೊಂದು.